ಆಬಿಂಗ್ಡನ್ನಿನ ನಾಲ್ಕು ಕಿಡಿಗಳು

ಆಕ್ಸ್‌ಫರ್ಡಿನಿಂದ ದಕ್ಷಿಣಕ್ಕೆ ಕೆಲವೇ ಮೈಲಿ ನಡೆದರೆ, ಥೇಮ್ಸ್ ನದಿಯು ಸೋಮಾರಿಯಂತೆ ಬಳುಕಿ ಹರಿಯುವಲ್ಲಿ ಆಬಿಂಗ್ಡನ್ ಎಂಬ ಪೇಟೆಯೊಂದು ಸಿಗುತ್ತದೆ. ಏಳನೆಯ ಶತಮಾನದಲ್ಲಿ ಇಲ್ಲಿ ಕ್ರೈಸ್ತ ಸಂನ್ಯಾಸಿಗಳ ಮಠವೊಂದು ಸ್ಥಾಪನೆಯಾಯಿತು. 1538ರಲ್ಲಿ ಎಂಟನೆಯ ಹೆನ್ರಿ ದೊರೆ ಅದನ್ನು ಮುಚ್ಚಿಸಿದ ಮೇಲೆ ಅಲ್ಲಿನ ಕಲ್ಲುಗಳು ಎತ್ತೆತ್ತಲೋ ಹೋದವು. ನಾಲ್ಕಾರು ಕಟ್ಟಡಗಳು ಮಾತ್ರ ಉಳಿದುಕೊಂಡಿವೆ. ಪೇಟೆಯ ನಡುವೆ ಹದಿನೇಳನೆಯ ಶತಮಾನದ ಗಂಭೀರವಾದ ಸಭಾಭವನವೊಂದಿದೆ. ರಾಜಮನೆತನದಲ್ಲಿ ಪಟ್ಟಾಭಿಷೇಕವೋ ಮದುವೆಯೋ ನಡೆದರೆ ಊರಿನ ಹಿರಿಯರು ಈ ಭವನದ ಮಾಳಿಗೆಯನ್ನೇರಿ ನೆರೆದ ಜನರ ಮೇಲೆ ಸಿಹಿ ರೊಟ್ಟಿಗಳನ್ನು ಎಸೆಯುತ್ತಾರೆ. ನಮ್ಮ ತೇರುಗಳಿಗೆ ಬಾಳೆಹಣ್ಣು ಎಸೆಯುವುದನ್ನು ಕಂಡವರಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ದಿಕ್ಕು ಮಾತ್ರ ಅದಲು ಬದಲು.

ಅದೇ ಸಭಾಭವನ ಈಗ ಊರಿನ ವಸ್ತುಸಂಗ್ರಹಾಲಯ. ಅದರೊಳಗೆ ಪುರಾತನ ನಾಣ್ಯಗಳೂ ಮಡಕೆ ಚೂರುಗಳೂ ಇರಬೇಕಾದ ಠೀವಿಯಲ್ಲಿ ಒಂದು ಮೋಟಾರು ಗಾಡಿಯನ್ನು ಇರಿಸಿದ್ದಾರೆ. ಅದು ಎಂ.ಜಿ.ಬಿ., ಈ ಊರಿನ ಕಾರ್ಖಾನೆಯ ಕೊನೆಯ ದಿನಗಳಲ್ಲಿ ತಯಾರಾದದ್ದು. ಮಠ ಮುಚ್ಚಿದ್ದಕ್ಕೆ ಇಂದು ಯಾರೂ ಮರುಗುವುದಿಲ್ಲ. ಕಾರ್ಖಾನೆ ಮುಚ್ಚಿದ್ದಕ್ಕೆ ಮರುಗುವವರು ಊರಲ್ಲಿ ಇನ್ನೂ ಇದ್ದಾರೆ.

ಎಂ.ಜಿ. ಎಂದರೆ ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡಿನಲ್ಲಿ ವಿಲಿಯಂ ಮಾರಿಸ್ ಎಂಬ ಸಾಹಸಿ ನಡೆಸುತ್ತಿದ್ದ ಗ್ಯಾರೇಜಿನಲ್ಲಿ ವ್ಯವಸ್ಥಾಪಕರಾಗಿ ಬಂದ ಸೆಸಿಲ್ ಕಿಂಬರ್ ಅವರು ಸಾದಾ ಮಾರಿಸ್ ಗಾಡಿಗಳಿಗೆ ಹಗುರವಾದ ಮೈಗಳನ್ನು ತೊಡಿಸಿ ಚುರುಕು ಗಾಡಿಗಳನ್ನಾಗಿ ಮಾಡಿದರು. 1929ರಲ್ಲಿ ಈ ಉದ್ಯಮ ಆಬಿಂಗ್ಡನ್ನಿನ ಚರ್ಮದ ಕಾರ್ಖಾನೆಯೊಂದರ ಕಟ್ಟಡಗಳಿಗೆ ಬಂದು ನೆಲೆಸಿತು. ಎಂಟು ಕೋನದ ಲಾಂಛನ ಜಗತ್ಪ್ರಸಿದ್ಧವಾಯಿತು. ಕಿಂಬರರ ಕಥೆ ಮಾತ್ರ ದುಃಖಾಂತ: 1941ರಲ್ಲಿ ಅವರನ್ನು ಕೆಲಸದಿಂದ ತೆಗೆದರು, 1945ರ ಫೆಬ್ರವರಿಯಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದ ರೈಲು ಅಪಘಾತದಲ್ಲಿ ಅವರು ತೀರಿಕೊಂಡರು. ವೇಗದ ಗಾಡಿಗಳನ್ನು ಜಗತ್ತಿಗೆ ಕೊಟ್ಟವರು ನಿಧಾನವಾಗಿ ಹಿಂದಕ್ಕೆ ಜಾರಿದ ರೈಲಿನಲ್ಲಿ ಮಡಿದರು.

ಆಬಿಂಗ್ಡನ್ನಿನಲ್ಲಿ ಎಂಜಿನ್ನು ಎರಕವಾಗುತ್ತಿರಲಿಲ್ಲ, ತಗಡು ಬಾಗುತ್ತಿರಲಿಲ್ಲ. ಎಲ್ಲವೂ ಬೇರೆ ಊರುಗಳಿಂದ ಬರುತ್ತಿತ್ತು, ಇಲ್ಲಿನವರು ಜೋಡಿಸುತ್ತಿದ್ದರು. ಗಾಡಿಯನ್ನು ಒಂದು ಹಂತದಿಂದ ಮುಂದಿನ ಹಂತಕ್ಕೆ ಕೈಯಿಂದಲೇ ನೂಕುತ್ತಿದ್ದರು. 1962ರಿಂದ 1980ರವರೆಗೆ ಎಂ.ಜಿ.ಬಿ. ಒಂದೇ ಐದು ಲಕ್ಷಕ್ಕೂ ಮೀರಿ ಹೊರಬಿದ್ದಿತು. 1979ರ ಸೆಪ್ಟೆಂಬರಿನಲ್ಲಿ ಊರು ಕಾರ್ಖಾನೆಯ ಐವತ್ತನೆಯ ವರ್ಷದ ಹಬ್ಬವನ್ನು ವಾದ್ಯಸಮೇತ ಆಚರಿಸಿತು. ಹಬ್ಬದ ಬೆನ್ನಿಗೇ, ತೋರಣ ಬಾಡುವ ಮೊದಲೇ, ಕಾರ್ಖಾನೆಯನ್ನು ಮುಚ್ಚುವ ಸುದ್ದಿ ಬಂತು. 1980ರ ಅಕ್ಟೋಬರಿನಲ್ಲಿ ಕೊನೆಯ ಗಾಡಿ ಹೊರಟಿತು. ಆ ಸ್ಥಳದಲ್ಲಿ ಈಗ ಕಚೇರಿಗಳೂ ಪೊಲೀಸು ಠಾಣೆಯೂ ಇವೆ. ಎಂ.ಜಿ. ಎಂಬ ಹೆಸರು ಕೈಯಿಂದ ಕೈಗೆ ಸಾಗಿ ಚೀನಾ ದೇಶದ ಒಡೆತನಕ್ಕೆ ಹೋಗಿದೆ. ಬೆಂಗಳೂರಿನ ಬೀದಿಗಳಲ್ಲಿ ಅದೇ ಅಷ್ಟಕೋನ ಲಾಂಛನ ಹೊತ್ತು ಓಡುವ ಗಾಡಿಗಳು ಗುಜರಾತಿನ ಹಾಲೋಲದಲ್ಲಿ ಜೋಡಣೆಯಾದವು. ಅವುಗಳಲ್ಲಿ ಎಷ್ಟೋ ವಿದ್ಯುತ್ ಗಾಡಿಗಳು. ನಾನು ಈಗ ಹೇಳಹೊರಟಿರುವ ವಸ್ತು ಅವುಗಳಲ್ಲಿ ಇರುವುದೇ ಇಲ್ಲ.

ಆ ವಸ್ತು ಸ್ಪಾರ್ಕ್ ಪ್ಲಗ್ಗು. ಹೆಬ್ಬೆರಳ ಗಾತ್ರ, ಒಂದು ಹೊತ್ತಿನ ಊಟದ ಬೆಲೆ. ಇದಕ್ಕೊಂದು ಪ್ರಯಾಣಕಥನವೆ ಎಂದು ವಾಚಕರು ಹುಬ್ಬೇರಿಸಬಹುದು. ಆದರೆ ನಮ್ಮ ಆ ಪ್ರಯಾಣ ನಿಂತದ್ದೇ ಇದರ ಮೇಲೆ.

ಧಾರವಾಡದ ಕಡೆಯವರಾದ ನನ್ನ ಮಿತ್ರರೊಬ್ಬರು ಆಕ್ಸ್‌ಫರ್ಡಿನ ಪ್ರಯೋಗಾಲಯವೊಂದರಲ್ಲಿ ಉದ್ಯೋಗದಲ್ಲಿದ್ದಾರೆ. ಕೆಲವು ವರ್ಷಗಳ ಹಿಂದೆ ಅವರು 1967ರ ಒಂದು ಕಡುಹಸಿರು ಎಂ.ಜಿ.ಬಿ.ಯನ್ನು ಕೊಂಡರು. ಅದನ್ನು ಮಾರಿದವರು ಆಬಿಂಗ್ಡನ್ನಿನ ಒಬ್ಬ ವೃದ್ಧರು. ಹದಿನೈದರ ಪ್ರಾಯದಲ್ಲಿ, 1955ರಲ್ಲಿ, ಕಾರ್ಖಾನೆಗೆ ಸೇರಿ ಅದು ಮುಚ್ಚುವವರೆಗೆ ದುಡಿದವರು. ಮಂಡಿ ಬಾಗದೆ ಗಾಡಿಯೊಳಗೆ ಇಳಿಯುವುದು ಕಷ್ಟವಾದ್ದರಿಂದ ಮಾರಿದರೇ ಹೊರತು ಮನಸ್ಸಿನಿಂದ ಬಿಟ್ಟಿರಲಿಲ್ಲ. ತಿಂಗಳಿಗೊಮ್ಮೆ ಬಂದು ಮೂತಿಯನ್ನು ತೆರೆಸಿ ನೋಡುತ್ತಿದ್ದರು. ಮಿತ್ರರ ಮನೆಯಲ್ಲಿ ಅವರಿಗೆ ‘ಅಜ್ಜ’ ಎಂದೇ ಹೆಸರು. ಆ ಶಬ್ದದ ಅರ್ಥ ತಿಳಿದ ಮೇಲೆ ಅವರೂ ಅದಕ್ಕೆ ಓಗೊಡುತ್ತಿದ್ದರು.

ನಾನು ಅಲ್ಲಿಗೆ ಹೋದ ವಾರ ಅಜ್ಜ ಒಂದು ಬೇಡಿಕೆ ಮುಂದಿಟ್ಟಿದ್ದರು. ದಕ್ಷಿಣದ ಬ್ಯೂಲಿ ಎಂಬಲ್ಲಿ ರಾಷ್ಟ್ರೀಯ ಮೋಟಾರು ಸಂಗ್ರಹಾಲಯವಿದೆ. ಅಲ್ಲಿರುವ ‘ಗೋಲ್ಡನ್ ಆ್ಯರೋ’ ಎಂಬ ಗಾಡಿಯನ್ನು ಮತ್ತೊಮ್ಮೆ ನೋಡಬೇಕು. ರೈಲಿನಲ್ಲಲ್ಲ, ಈ ಎಂ.ಜಿ.ಬಿ.ಯಲ್ಲಿ. ಅವರಿಗಿಂತ ಹದಿನಾರು ವರ್ಷ ಹಿರಿಯಳಾದ ಅಕ್ಕ ಯುದ್ಧದ ಕಾಲದಲ್ಲಿ ಲಂಡನ್ನಿನ ಅಂಚಿನ ಒಂದು ಕಾರ್ಖಾನೆಯಲ್ಲಿ ವಿಮಾನಗಳ ಪ್ಲಗ್ಗುಗಳನ್ನು ಜೋಡಿಸುತ್ತಿದ್ದಳಂತೆ. ಗೋಲ್ಡನ್ ಆ್ಯರೋ ನಿರ್ಮಾಣವಾದದ್ದು ಅದೇ ಕಾರ್ಖಾನೆಯಲ್ಲಿ. ಅಕ್ಕ ಈಗಿಲ್ಲ. ಕಾರಣವನ್ನು ಅವರು ಇಷ್ಟೇ ಹೇಳಿದರು. ಅದಕ್ಕಿಂತ ಹೆಚ್ಚು ಬೇಕಾಗಿಯೂ ಇರಲಿಲ್ಲ.

ತೊಡಕಿದ್ದದ್ದು ಗಾಡಿಯಲ್ಲಿ. ಹೊರಟಾಗ ನೀಲಿ ಹೊಗೆ. ಆಕ್ಸ್‌ಫರ್ಡಿನ ಸಿಗ್ನಲುಗಳಲ್ಲಿ ನಿಂತಾಗ ಗೂರಲು ರೋಗಿಯಂತೆ ತತ್ತರ. ನಾಲ್ಕು ಪ್ಲಗ್ಗುಗಳನ್ನು ಬಿಚ್ಚಿದರೆ ಮೂರು ಹದವಾಗಿದ್ದವು. ನಾಲ್ಕನೆಯದು ಮಾತ್ರ ಎಣ್ಣೆ ಮೆತ್ತಿ ಕಪ್ಪಗಿತ್ತು. ಪೇಟೆಯಲ್ಲಿ ಐದಾರು ಮೈಲಿ ಓಡಾಡುವುದು ಬೇರೆ. ಹೆದ್ದಾರಿಯಲ್ಲಿ ಒಂದೂವರೆ ಗಂಟೆ ಬಿಡದೆ ಓಡಿಸುವುದು ಬೇರೆ. ಆ ಎಂಜಿನ್ನು ಗಾಡಿಯೊಡನೆ ಆಬಿಂಗ್ಡನ್ನಿನಲ್ಲಿ ಕೂಡಿಸಿದ ಮೂಲ ಎಂಜಿನ್ನು. ಅದರ ಸಂಖ್ಯೆಯ ಫಲಕ ಇನ್ನೂ ಮೈಮೇಲಿತ್ತು. ಪಿಸ್ಟನ್ನು ತೂತು ಬಿದ್ದರೆ ಮತ್ತೊಂದು ಎಂಜಿನ್ನು ದೊರೆಯುತ್ತದೆ, ಅದು ದೊರೆಯುವುದಿಲ್ಲ.

ಇಲ್ಲಿ ನಮ್ಮ ಓದುಗರಿಗೆ ಒಂದು ನೆಂಟಸ್ತಿಕೆಯನ್ನು ತಿಳಿಸಬೇಕು. ಎಂ.ಜಿ.ಬಿ.ಯ ಎಂಜಿನ್ನು 1798 ಸಿ.ಸಿ.ಯದು, ಬಿ.ಎಂ.ಸಿ. ಸಂಸ್ಥೆಯ ‘ಬಿ’ ಶ್ರೇಣಿಗೆ ಸೇರಿದ್ದು. ಅದರ ಅಣ್ಣ 1489 ಸಿ.ಸಿ.ಯದು, 1955ರ ಎಂ.ಜಿ.ಎ. ಗಾಡಿಯಲ್ಲಿದ್ದದ್ದು. ಅದೇ 1489 ಸಿ.ಸಿ. ಎಂಜಿನ್ನು, ಕೊಂಚ ಸಾಧುಗೊಳಿಸಿ, ನಮ್ಮ ಆಂಬಾಸಡರ್ ಗಾಡಿಯೊಳಗೆ ಕುಳಿತು ದಶಕಗಳ ಕಾಲ ಭಾರತವನ್ನು ಹೊತ್ತು ತಿರುಗಿತು. 2014ರಲ್ಲಿ ಉತ್ತರಪಾರಾದ ಕಾರ್ಖಾನೆ ನಿಲ್ಲುವವರೆಗೂ ಆಂಬಾಸಡರ್ ಬಾಳಿತು. ಮಂತ್ರಿಗಳನ್ನೂ ಮದುವೆಯ ದಿಬ್ಬಣಗಳನ್ನೂ ಒಯ್ದ ಆ ಸಾಧುಪ್ರಾಣಿಯ ಎದೆಯಲ್ಲಿ ಕ್ರೀಡಾಗಾಡಿಯ ರಕ್ತವಿತ್ತೆಂದರೆ ನಂಬುವುದು ಕಷ್ಟ. ಆದರೂ ಅದು ನಿಜ. ಮೂತಿಯೆತ್ತಿ ನೋಡಿದಾಗ ಎಡವೂ ಬಲವೂ ಗುರುತು ಹತ್ತಿ, ಪರದೇಶದಲ್ಲಿ ಸೋದರಮಾವನನ್ನು ಕಂಡಂತೆ ನನಗೆ ಸಂತೋಷವಾಯಿತು.

ಇನ್ನು ಪ್ಲಗ್ಗಿನ ವಿಚಾರ. ಅದರ ಕೆಲಸ ಹೇಳುವುದು ಸುಲಭ: ಪೆಟ್ರೋಲು ಹವೆಯೂ ಗಾಳಿಯೂ ಬೆರೆತು ಒತ್ತಿಕೊಂಡ ಕ್ಷಣದಲ್ಲಿ, ಎರಡು ಲೋಹದ ತುದಿಗಳ ನಡುವೆ ಒಂದು ಕಿಡಿ ಹಾರಿಸುವುದು. ಈ ಎಂಜಿನ್ನಿಗೆ ಆ ಸಂದು 0.025 ಅಂಗುಲ, ಎಂದರೆ 0.64 ಮಿಲಿಮೀಟರ್. ಅದನ್ನು ಹಾರಲು ಸಾವಿರಾರು ವೋಲ್ಟುಗಳ ವಿದ್ಯುತ್ತು ಬೇಕು. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಪ್ರತಿಯೊಂದು ಪ್ಲಗ್ಗೂ ಸೆಕೆಂಡಿಗೆ 25 ಸಲ ಕಿಡಿ ಹೊಡೆಯುತ್ತದೆ. ಬ್ಯೂಲಿಗೆ ಒಂದೂವರೆ ಗಂಟೆಯ ಹಾದಿ ಎಂದು ಹಿಡಿದರೆ ಒಂದೊಂದಕ್ಕೂ 1,35,000 ಕಿಡಿಗಳ ದುಡಿಮೆ. ಸುತ್ತಲಿನ ಜ್ವಾಲೆಯ ತಾಪ 2000 ಡಿಗ್ರಿ ಸೆಂಟಿಗ್ರೇಡನ್ನು ಮೀರಿರುತ್ತದೆ.

ಕಷ್ಟವಿರುವುದು ಕಿಡಿಯಲ್ಲಲ್ಲ, ಶಾಖದಲ್ಲಿ. ಪ್ಲಗ್ಗಿನ ತುದಿ ಸುಮಾರು 450 ಡಿಗ್ರಿಗಿಂತ ತಣ್ಣಗಿದ್ದರೆ ಮಸಿಯೂ ಎಣ್ಣೆಯೂ ಅದರ ಮೇಲೆ ಕೂತುಬಿಡುತ್ತವೆ. ಆಗ ವಿದ್ಯುತ್ತು ಕಿಡಿಯಾಗಿ ಹಾರದೆ ಮಸಿಯ ಮೇಲೆಯೇ ಜಾರಿಹೋಗುತ್ತದೆ. ಅದಕ್ಕಿಂತ ಬಿಸಿಯಾದರೆ ಮಸಿ ತಾನಾಗಿ ಸುಟ್ಟು ತುದಿ ಚೊಕ್ಕಟವಾಗುತ್ತದೆ. ಆದರೆ 850, 900 ಡಿಗ್ರಿ ದಾಟಿದರೆ ತುದಿಯೇ ಕೆಂಡವಾಗಿ, ಕಿಡಿ ಬರುವ ಮೊದಲೇ ಮಿಶ್ರಣಕ್ಕೆ ಬೆಂಕಿ ಹಚ್ಚುತ್ತದೆ. ಈ ಅಕಾಲ ದಹನವು ಇನ್ನೂ ಮೇಲೇರುತ್ತಿರುವ ಪಿಸ್ಟನ್ನಿನ ನೆತ್ತಿಯ ಮೇಲೆ ಬಡಿಯುತ್ತದೆ. ಬಡಿತದಿಂದ ಶಾಖ, ಶಾಖದಿಂದ ಇನ್ನೂ ಬೇಗನೆಯ ದಹನ. ಕೆಲವೇ ನಿಮಿಷಗಳಲ್ಲಿ ಅಲ್ಯೂಮಿನಿಯಂ ಪಿಸ್ಟನ್ನು ಮೇಣದಂತೆ ಕರಗಿ ತೂತಾಗಬಹುದು. ಈ ಎರಡು ಕೇಡುಗಳ ನಡುವಣ ಕಿರುದಾರಿಯಲ್ಲಿ ನಡೆಯುವುದೇ ಪ್ಲಗ್ಗನ್ನು ಆರಿಸುವ ವಿದ್ಯೆ.

ಆ ದಾರಿಯನ್ನು ಗೊತ್ತುಮಾಡುವುದು ಒಳಗಿನ ಪಿಂಗಾಣಿಯ ಮೂಗು. ಮೂಗು ನೀಳವಾಗಿದ್ದರೆ ಶಾಖವು ಹೊರಗಿನ ಲೋಹಕ್ಕೆ ಇಳಿದು ಹೋಗಲು ದೂರ ನಡೆಯಬೇಕು. ತುದಿ ಬಿಸಿಯಾಗಿ ಉಳಿಯುತ್ತದೆ. ಇದು ‘ಬಿಸಿ’ ಪ್ಲಗ್ಗು. ಮೂಗು ಮೊಂಡಾಗಿದ್ದರೆ ಶಾಖ ಬೇಗ ಇಳಿಯುತ್ತದೆ; ಅದು ‘ತಣ್ಣನೆಯ’ ಪ್ಲಗ್ಗು. ನಿಧಾನದ ಎಂಜಿನ್ನಿಗೆ ಬಿಸಿಯದು, ಪಂದ್ಯದ ಎಂಜಿನ್ನಿಗೆ ತಣ್ಣನೆಯದು. ಬಿಸಿ ಪ್ಲಗ್ಗು ಹೆಚ್ಚು ಬಿಸಿ ಕಿಡಿ ಕೊಡುತ್ತದೆಂದು ತಿಳಿದವರು ಬಹಳ ಮಂದಿ. ಕಿಡಿಗೂ ಈ ಹೆಸರಿಗೂ ಸಂಬಂಧವಿಲ್ಲ.

ಸಂಖ್ಯೆಗಳ ಗೊಂದಲವಂತೂ ಪಂಚಾಂಗವನ್ನು ಮೀರಿಸುವಂಥದು. ಎಂ.ಜಿ.ಬಿ.ಯ ಕೈಪಿಡಿಯಲ್ಲಿ ಮುದ್ರಿತವಾಗಿರುವುದು ಚಾಂಪಿಯನ್ ಸಂಸ್ಥೆಯ ಎನ್-9-ವೈ. ಅದರಲ್ಲಿ ಎನ್ ಎಂಬುದು 14 ಮಿಲಿಮೀಟರ್ ಅಡ್ಡಳತೆಯ, ಮುಕ್ಕಾಲು ಅಂಗುಲ ಉದ್ದದ ತಿರುಪು. 9 ಎಂಬುದು ಶಾಖದ ದರ್ಜೆ. ವೈ ಎಂದರೆ ಮೂಗು ಹೊರಚಾಚಿದೆ. ಅದರ ಸರಿಜೋಡಿ ಜಪಾನಿನ ಎನ್.ಜಿ.ಕೆ. ಸಂಸ್ಥೆಯ ಬಿ.ಪಿ.-6-ಇ.ಎಸ್. ಚಾಂಪಿಯನ್ನಿನಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಪ್ಲಗ್ಗು ಬಿಸಿ, ಎನ್.ಜಿ.ಕೆ.ಯಲ್ಲಿ ಹೆಚ್ಚಿದಷ್ಟೂ ತಣ್ಣಗೆ. ಜರ್ಮನಿಯ ಬಾಷ್ ಸಂಸ್ಥೆಯು ಹಿಂದೆ 175, 225 ಎಂದು ಏರುವ ಸಂಖ್ಯೆಗೆ ತಣ್ಣನೆಯ ಅರ್ಥ ಕೊಟ್ಟಿತ್ತು. ಆಮೇಲೆ ಪದ್ಧತಿ ಬದಲಿಸಿ ಏರುವ ಸಂಖ್ಯೆಗೆ ಬಿಸಿಯ ಅರ್ಥ ಕೊಟ್ಟಿತು. ಹೀಗಾಗಿ ಒಂದು ಕಂಪೆನಿಯ ಭಾಷೆಯಲ್ಲಿ ಜಾಣನಾದವನು ಇನ್ನೊಂದರ ಅಂಗಡಿಯಲ್ಲಿ ಎಂಜಿನ್ನನ್ನು ಸುಟ್ಟುಕೊಳ್ಳುವ ಸಂಭವವಿದೆ. ತಿರುಪಿನ ಉದ್ದವೂ ಹುಡುಗಾಟವಲ್ಲ. ಗಿಡ್ಡವಾದರೆ ಖಾಲಿ ಬಿಟ್ಟ ತಿರುಪಿನಲ್ಲಿ ಮಸಿ ಗಟ್ಟಿಯಾಗುತ್ತದೆ. ತೀರ ಉದ್ದವಾದರೆ ಮೇಲೆ ಬಂದ ಪಿಸ್ಟನ್ನಿಗೆ ತುದಿ ತಗುಲೀತು.

ಬಾಷ್ ಎಂದೊಡನೆ ಬೆಂಗಳೂರಿನವರಿಗೆ ಆಡುಗೋಡಿ ನೆನಪಾಗದೆ ಇರದು. 1902ರಲ್ಲಿ ಬಾಷ್ ಸಂಸ್ಥೆಯ ಗಾಟ್‌ಲೋಬ್ ಹೊನೋಲ್ಡ್ ಎಂಬ ಎಂಜಿನಿಯರರು ಅಧಿಕ ವೋಲ್ಟಿನ ಮ್ಯಾಗ್ನೆಟೋ ಯಂತ್ರವನ್ನೂ ಅದಕ್ಕೆ ತಕ್ಕ ಪ್ಲಗ್ಗನ್ನೂ ಸಿದ್ಧಪಡಿಸಿದರು. ಮೋಟಾರು ಗಾಡಿಯ ವೇಗಕ್ಕೆ ದಾರಿಯಾದದ್ದು ಅದರಿಂದಲೇ. ಅರ್ಧ ಶತಮಾನ ಕಳೆದು, 1951ರಲ್ಲಿ, ಮೋಟಾರ್ ಇಂಡಸ್ಟ್ರೀಸ್ ಕಂಪೆನಿ ಸ್ಥಾಪನೆಯಾಗಿ ಆಡುಗೋಡಿಯಲ್ಲಿ ಕಾರ್ಖಾನೆ ಎದ್ದಿತು. ಮೈಕೋ ಎಂಬ ಆ ಹೆಸರು ಒಂದು ಬಡಾವಣೆಗೇ ಅಂಟಿಕೊಂಡಿದೆ. ಕಂಪೆನಿಯ ಹೆಸರು 2008ರಲ್ಲಿ ಬಾಷ್ ಎಂದು ಬದಲಾದರೂ ಮೈಕೋ ಲೇಔಟು ಬದಲಾಗಲಿಲ್ಲ. ಮೈಕೋ ಪ್ಲಗ್ಗುಗಳನ್ನು ತೊಟ್ಟು ಎಷ್ಟು ಸ್ಕೂಟರುಗಳು, ಎಷ್ಟು ಆಂಬಾಸಡರುಗಳು ಓಡಿದವೋ! ಆಡುಗೋಡಿಯ ಹಳೆಯ ಆವರಣದಲ್ಲಿ 2022ರಲ್ಲಿ ಉದ್ಘಾಟನೆಯಾದ ಹೊಸ ಕಚೇರಿ ಸಮುಚ್ಚಯಕ್ಕೂ ಅವರು ‘ಸ್ಪಾರ್ಕ್’ ಎಂಬ ಶಬ್ದವನ್ನೇ ಸೇರಿಸಿ ಹೆಸರಿಟ್ಟಿದ್ದಾರೆ.

ಚಾಂಪಿಯನ್ನಿನ ಕಥೆ ಇನ್ನೂ ತಮಾಷೆಯದು. ಆಲ್ಬರ್ಟ್ ಚಾಂಪಿಯನ್ ಎಂಬಾತ ಫ್ರಾನ್ಸಿನ ಸೈಕಲ್ ಪಟು. 1899ರಲ್ಲಿ ಪ್ಯಾರಿಸ್‌ನಿಂದ ರೂಬೇವರೆಗಿನ ಘೋರ ಪಂದ್ಯವನ್ನು ಗೆದ್ದವನು. ಅಮೆರಿಕಕ್ಕೆ ಹೋಗಿ ಪ್ಲಗ್ಗು ಮಾಡುವ ಸಂಸ್ಥೆ ಕಟ್ಟಿ, ಪಾಲುದಾರರನ್ನು ಬಿಟ್ಟು ಹೊರಬಂದ. ಹೆಸರು ಮಾತ್ರ ಅವರಲ್ಲಿಯೇ ಉಳಿಯಿತು. ತನ್ನ ಹೆಸರನ್ನು ತಾನೇ ಬಳಸುವಂತಿಲ್ಲದೆ, ಹೆಸರಿನ ಮೊದಲಕ್ಷರಗಳಿಂದ ಎ.ಸಿ. ಎಂಬ ಇನ್ನೊಂದು ಪ್ಲಗ್ಗನ್ನು ಹುಟ್ಟಿಸಿದ. ಹೀಗೆ ಒಬ್ಬನೇ ಮನುಷ್ಯ ಅಂಗಡಿಯ ಕಪಾಟಿನಲ್ಲಿ ತನಗೆ ತಾನೇ ಪ್ರತಿಸ್ಪರ್ಧಿಯಾಗಿ ನಿಂತ.

ನಮ್ಮ ಸಮಸ್ಯೆಗೆ ಹಿಂದಿರುಗೋಣ. ಮಿತ್ರರಿಗೆ ಎರಡು ಸಲಹೆಗಳು ಬಂದಿದ್ದವು. ಬಿಡಿಭಾಗಗಳ ಅಂಗಡಿಯೊಂದರ ತರುಣ, ಹೆದ್ದಾರಿಯ ದೀರ್ಘ ಓಟವೆಂದ ಮೇಲೆ ಎರಡು ದರ್ಜೆ ತಣ್ಣನೆಯ ಪ್ಲಗ್ಗನ್ನೇ ಹಾಕಬೇಕು, ಪಂದ್ಯಗಾರರೆಲ್ಲ ಹಾಗೆಯೇ ಮಾಡುತ್ತಾರೆ ಎಂದನಂತೆ. ನೆರೆಯ ಗ್ಯಾರೇಜಿನವರು, ಎಣ್ಣೆ ಮೆತ್ತುವ ಎಂಜಿನ್ನಿಗೆ ಒಂದು ದರ್ಜೆ ಬಿಸಿಯದನ್ನು ಹಾಕಿ, ಎಣ್ಣೆ ತಾನಾಗಿ ಸುಡಲಿ ಎಂದಿದ್ದರು. ಎರಡಕ್ಕೂ ತಕ್ಕ ಕಾರಣವಿತ್ತು. ಮಿತ್ರರ ಒಲವು ಎರಡನೆಯದರ ಕಡೆಗೆ. ಪ್ಲಗ್ಗುಗಳನ್ನು ಕೊಂಡೂ ತಂದಿದ್ದರು.

ಅಜ್ಜ ಹೊರಡುವ ಹಿಂದಿನ ಸಂಜೆ ಬಂದರು. ಕಿಸೆಯಿಂದ ಭೂತಗನ್ನಡಿ ತೆಗೆದು, ಬಿಚ್ಚಿಟ್ಟ ನಾಲ್ಕು ಹಳೆಯ ಪ್ಲಗ್ಗುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಜಾತಕ ನೋಡುವ ಜೋಯಿಸರಂತೆ ಬಹಳ ಹೊತ್ತು ನೋಡಿದರು. ಪಿಂಗಾಣಿಯ ಮೂಗು ಬಿಸ್ಕತ್ತಿನ ಬಣ್ಣವಿದ್ದರೆ ಆರೋಗ್ಯ. ಒಣ ಕಪ್ಪು ಮಸಿಯಾದರೆ ಪೆಟ್ರೋಲು ಹೆಚ್ಚು, ಇಲ್ಲವೆ ಪ್ಲಗ್ಗು ತಣ್ಣನೆಯದು. ಒದ್ದೆ ಕಪ್ಪಾದರೆ ಎಣ್ಣೆ. ಬೂದಿಯಂತೆ ಬೆಳ್ಳಗಾಗಿ, ಚಿಕ್ಕ ಗುಳ್ಳೆಗಳೆದ್ದು, ಲೋಹದ ಅಂಚು ದುಂಡಾಗಿದ್ದರೆ ಅಪಾಯ. ಈಗಿನ ಪೆಟ್ರೋಲಿನಲ್ಲಿ ಈ ಓದು ಮೊದಲಿನಷ್ಟು ಸ್ಪಷ್ಟವಲ್ಲವೆಂಬುದು ಅವರ ದೂರು. 2000ದ ಆರಂಭದಿಂದ ಬ್ರಿಟನ್ನಿನಲ್ಲಿ ಸೀಸ ಬೆರೆತ ಪೆಟ್ರೋಲು ಸಾಮಾನ್ಯ ಮಾರಾಟದಲ್ಲಿಲ್ಲ. 2021ರ ಸೆಪ್ಟೆಂಬರಿನಿಂದ ಸಾದಾ ಪೆಟ್ರೋಲಿನಲ್ಲಿ ನೂರಕ್ಕೆ 10ರವರೆಗೆ ಎಥನಾಲ್ ಬೆರೆಸುತ್ತಾರೆ. ಎಥನಾಲ್ ಸೇರಿದಷ್ಟೂ ಹಳೆಯ ಕಾರ್ಬುರೇಟರಿನ ಮಿಶ್ರಣ ತೆಳ್ಳಗಾಗುತ್ತದೆ; ಬಣ್ಣವೂ ತೆಳ್ಳಗಾಗುತ್ತದೆ. ಮಿತ್ರರು ಎಥನಾಲ್ ಕಡಿಮೆಯಿರುವ ದುಬಾರಿ ಪೆಟ್ರೋಲನ್ನೇ ಹಾಕುವವರು, ಪುಣ್ಯಕ್ಕೆ.

ಅಜ್ಜ ಹೊಸ ಪ್ಲಗ್ಗುಗಳ ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಓದಿ ಪಕ್ಕಕ್ಕಿಟ್ಟರು. ‘ಒಬ್ಬನಿಗೆ ಕೆಮ್ಮು ಬಂದರೆ ನಾಲ್ವರಿಗೂ ಕಷಾಯವೇ?’ ಎಂಬ ಧಾಟಿಯಲ್ಲಿ ಅವರು ಕೇಳಿದ್ದು. ಮೂರು ಸಿಲಿಂಡರುಗಳು ಸರಿಯಾದ ಪ್ಲಗ್ಗಿನಲ್ಲಿ ಸರಿಯಾಗಿ ಉರಿಯುತ್ತಿವೆ. ಅವುಗಳಿಗೆ ಬಿಸಿಯದನ್ನು ಕೊಟ್ಟು, ಎ-34 ಹೆದ್ದಾರಿಯ ಏರುಗಳಲ್ಲಿ ಪೂರ್ಣ ಬಲದಿಂದ ಓಡಿಸಿದರೆ, ನಾಲ್ಕನೆಯದನ್ನು ಉಳಿಸಲು ಹೋಗಿ ಉಳಿದ ಮೂರನ್ನು ಪಣಕ್ಕೊಡ್ಡಿದಂತೆ. ತಣ್ಣನೆಯದನ್ನು ಹಾಕಿದರೋ, ಊರು ದಾಟುವ ಮೊದಲೇ ನಾಲ್ಕನೆಯದು ಎಣ್ಣೆಯಲ್ಲಿ ಮುಳುಗುತ್ತದೆ. ಹಾಗಿದ್ದರೆ ನಾಲ್ಕನೆಯದಕ್ಕೆ ಮಾತ್ರ ಬಿಸಿ ಪ್ಲಗ್ಗು ಹಾಕಬಾರದೇಕೆ ಎಂದು ನಾನು ಕೇಳಿದೆ. ಆ ಉಪಾಯ ಅವರಿಗೆ ಗೊತ್ತಿತ್ತು. ಬಡವರ ಲಾರಿಗಳು ಅದರಿಂದ ವರ್ಷಗಟ್ಟಲೆ ಓಡಿದ್ದುಂಟಂತೆ. ಆದರೆ ಎಣ್ಣೆ ಎಲ್ಲಿಂದ ಬರುತ್ತಿದೆ ಎಂಬುದು ತಿಳಿಯುವ ಮೊದಲು ಅದನ್ನು ಮುಚ್ಚಿಹಾಕುವುದು ಅವರಿಗೆ ಒಪ್ಪಿಗೆಯಿರಲಿಲ್ಲ. ನಾಲ್ಕಕ್ಕೂ ಕೈಪಿಡಿಯ ದರ್ಜೆಯೇ ಇರಲಿ. ಪೇಟೆಯ ಓಡಾಟದಲ್ಲಿ ಮೆತ್ತಿದ್ದು ಹೆದ್ದಾರಿಯ ಶಾಖದಲ್ಲಿ ಎಷ್ಟು ಸುಡುತ್ತದೆಂದು ದಾರಿಯಲ್ಲಿ ನೋಡೋಣ. ಎರಡು ಹೆಚ್ಚಿನ ಪ್ಲಗ್ಗುಗಳು ಕಿಸೆಯಲ್ಲಿರಲಿ ಎಂದರು. ಉಕ್ಕಿನ ತೆಳುಹಾಳೆಯಿಂದ ಸಂದುಗಳನ್ನು ತಾವೇ ಅಳೆದು, ಪ್ಲಗ್ಗುಗಳನ್ನು ಬೆರಳಿನಿಂದಲೇ ಕೊನೆಯವರೆಗೆ ತಿರುಗಿಸಿ, ಆಮೇಲೆ ಮಾತ್ರ ಪಾನ ಹಾಕಿ ಒಂದಿಷ್ಟು ಬಿಗಿದರು. ಕೈ ನಡುಗುತ್ತಿತ್ತು, ತಿರುಪು ಒಂದೂ ತಪ್ಪಲಿಲ್ಲ.

ಗಾಡಿಯಲ್ಲಿ ಎರಡೇ ಆಸನ. ಮುಂದೆ ಮಿತ್ರರೂ ಅಜ್ಜನೂ, ಹಿಂದಿನಿಂದ ಮಿತ್ರರ ಪತ್ನಿಯ ಜೊತೆ ಮನೆಯ ಸಾದಾ ಕಾರಿನಲ್ಲಿ ನಾನು. ಹೊಗೆಯನ್ನು ಗಮನಿಸುವುದು ನನಗೆ ವಹಿಸಿದ ಉದ್ಯೋಗ. ಆಬಿಂಗ್ಡನ್ ದಾಟುತ್ತಲೇ ಬಯಲು. ಡಿಡ್‌ಕಾಟಿನ ವಿದ್ಯುತ್ ಕೇಂದ್ರದ ಬೃಹತ್ ಗೋಪುರಗಳು ಹಿಂದೆ ಇಲ್ಲಿ ಎತ್ತಲಿಂದಲೂ ಕಾಣುತ್ತಿದ್ದವಂತೆ; 2014ರಲ್ಲಿ ಮೂರನ್ನೂ 2019ರಲ್ಲಿ ಉಳಿದ ಮೂರನ್ನೂ ಕೆಡವಿದ ಮೇಲೆ ಆಕಾಶ ಬರಿದಾಗಿದೆ. ಚಿಲ್ಟನ್ ಕಳೆದು ಬರ್ಕ್‌ಶೈರಿನ ಸುಣ್ಣಕಲ್ಲಿನ ಗುಡ್ಡಗಳು ಏಳುತ್ತವೆ. ನಮ್ಮ ಘಟ್ಟಗಳನ್ನು ಕಂಡ ಕಣ್ಣಿಗೆ ಇವು ಹಾಸಿಗೆಯ ಮಡಿಕೆಗಳು; ಅರುವತ್ತು ವರ್ಷದ ಎಂಜಿನ್ನಿಗೆ ಗೋರ್ ಹಿಲ್ಲಿನ ಏರು ಸಾಕಷ್ಟೇ ಇತ್ತು. ಹಸಿರು ಗಾಡಿ ಗಂಟೆಗೆ 60 ಮೈಲಿಯ ವೇಗ ಬಿಡದೆ ಹತ್ತಿತು. ಹಿಂದೆ ಹೊಗೆಯಿರಲಿಲ್ಲ. ಇಳಿಜಾರಿನಲ್ಲಿ ಮಿತ್ರರು ಆಕ್ಸಿಲರೇಟರಿನಿಂದ ಪೂರ್ತಿ ಕಾಲು ತೆಗೆದು ಗಾಡಿಯನ್ನು ತಾನಾಗಿ ಇಳಿಯಲು ಬಿಟ್ಟು, ಕೆಳಗೆ ಬಂದೊಡನೆ ಬಲವಾಗಿ ಒತ್ತಿದರು. ಹಾಗೆ ಮಾಡೆಂದು ಅಜ್ಜನೇ ಹೇಳಿದ್ದು. ಆಗ ಹಿಂದಿನ ಕೊಳವೆಯಿಂದ ಒಂದೇ ಒಂದು ನೀಲಿ ಮೋಡ ಹಾರಿ ಚದುರಿಹೋಯಿತು.

ಮುಂದೆ ರಸ್ತೆಬದಿಯ ತಂಗುಕಟ್ಟೆಯೊಂದರಲ್ಲಿ ಗಾಡಿ ನಿಂತಿತು. ಎಂಜಿನ್ನನ್ನು ನಿಧಾನದಲ್ಲಿ ಓಡಿಸದೆ, ನಿಲ್ಲಿಸುತ್ತಲೇ ಕೀಲಿ ತಿರುವಿದ್ದರು. ಖಾಲಿ ತಿರುಗಿಸಿದರೆ ಓಟದಲ್ಲಿ ಮೂಡಿದ ಬಣ್ಣ ಅಳಿಸಿಹೋಗುತ್ತದೆ. ಹಳೆಯ ಬನಿಯನ್ ಬಟ್ಟೆಯಲ್ಲಿ ಸುತ್ತಿ ಪ್ಲಗ್ಗುಗಳನ್ನು ಬಿಚ್ಚಿದರು. ಈ ಎಂಜಿನ್ನಿನ ತಲೆ ಎರಕದ ಕಬ್ಬಿಣದ್ದಾದ್ದರಿಂದ ಬಿಸಿಯಲ್ಲಿ ಬಿಚ್ಚಬಹುದು; ಅಲ್ಯೂಮಿನಿಯಂ ತಲೆಯಾಗಿದ್ದರೆ ಅಜ್ಜ ಆರುವವರೆಗೆ ಕಾಯಿಸುತ್ತಿದ್ದರಂತೆ. ಮೂರು ಪ್ಲಗ್ಗುಗಳು ಬಿಸ್ಕತ್ತಿನ ಬಣ್ಣ. ನಾಲ್ಕನೆಯದರ ಮೂಗಿನ ತುದಿ ಕಂದು, ಬುಡ ಕಪ್ಪು, ತಿರುಪು ಜಿಡ್ಡು. ಎಂದರೆ ಓಟದಲ್ಲಿ ಸುಡುತ್ತಿತ್ತು. ಬಿಸಿ ಪ್ಲಗ್ಗಿನ ಅಗತ್ಯವಿರಲಿಲ್ಲ. ಇಳಿಜಾರಿನ ನೀಲಿ ಮೋಡದಿಂದ ಇನ್ನೊಂದು ಸಂಗತಿಯೂ ಹೊರಬಿತ್ತು. ಆಕ್ಸಿಲರೇಟರು ಮುಚ್ಚಿದಾಗ ಎಂಜಿನ್ನು ಗಾಳಿಗಾಗಿ ಹೀರುತ್ತದೆ. ಸವೆದ ವಾಲ್ವಿನ ಸಂದಿನಿಂದ ಎಣ್ಣೆಯನ್ನೇ ಎಳೆದುಕೊಳ್ಳುತ್ತದೆ. ಮತ್ತೆ ಒತ್ತಿದಾಗ ಅದು ಹೊಗೆಯಾಗುತ್ತದೆ. ಪಿಸ್ಟನ್ನಿನ ಬಳೆಗಳು ಸವೆದಿದ್ದರೆ ಏರಿನಲ್ಲಿಯೇ ಹೊಗೆ ಕಾಣಬೇಕಿತ್ತು. ನನ್ನ ಸಾಕ್ಷ್ಯವನ್ನು ಅಜ್ಜ ಎರಡು ಸಲ ಕೇಳಿ ಖಚಿತಪಡಿಸಿಕೊಂಡರು. ಮಿತ್ರರು ಅಂದಿನವರೆಗೂ ಇಡೀ ಎಂಜಿನ್ನನ್ನು ಬಿಚ್ಚಿಸಬೇಕೆಂಬ ಭಯದಲ್ಲಿದ್ದವರು. ಆ ಕ್ಷಣದಿಂದ ಅವರ ಮುಖದ ಬಣ್ಣವೂ ತಿಳಿಯಾಯಿತು.

ನ್ಯೂಬರಿ, ವಿಂಚೆಸ್ಟರ್, ಸೌತಾಂಪ್ಟನ್ನುಗಳನ್ನು ಬದಿಗಿಟ್ಟು ನ್ಯೂ ಫಾರೆಸ್ಟನ್ನು ಹೊಕ್ಕೆವು. ‘ಹೊಸ ಕಾಡು’ ಎಂಬ ಹೆಸರಿನ ಈ ಅರಣ್ಯವನ್ನು ವಿಲಿಯಂ ದೊರೆ ಬೇಟೆಗೆಂದು ಕಾದಿರಿಸಿದ್ದು ಹನ್ನೊಂದನೆಯ ಶತಮಾನದಲ್ಲಿ. ಕುಳ್ಳ ಕುದುರೆಗಳು ರಸ್ತೆಯ ನಡುವೆಯೇ ನಿಂತು ಮೆಲುಕು ಹಾಕುವಂತೆ ಯೋಚಿಸುತ್ತಿರುತ್ತವೆ. ಅವು ಸರಿಯುವವರೆಗೆ ಎಲ್ಲರೂ ಕಾಯಬೇಕು. ನಮ್ಮ ಊರಿನ ಎಮ್ಮೆಗಳ ಹಕ್ಕನ್ನು ಇಲ್ಲಿ ಕುದುರೆಗಳು ಪಡೆದಿವೆ. ಬ್ಯೂಲಿ ಎಂಬುದು ಫ್ರೆಂಚ್ ಮೂಲದ ಹೆಸರು. ಸುಂದರ ಸ್ಥಳವೆಂದು ಅರ್ಥ. ಬರೆಯುವಂತೆ ಓದಿದರೆ ಸ್ಥಳೀಯರು ನಗುತ್ತಾರೆ. ಅಲ್ಲಿನ ಲಾರ್ಡ್ ಮಾಂಟೆಗ್ಯೂ ಅವರು ಮೋಟಾರು ಯುಗದ ಮುಂದಾಳುಗಳಲ್ಲೊಬ್ಬರಾದ ತಮ್ಮ ತಂದೆಯ ನೆನಪಿಗಾಗಿ 1952ರಲ್ಲಿ ಕೆಲವೇ ಗಾಡಿಗಳಿಂದ ಆರಂಭಿಸಿದ ಸಂಗ್ರಹ ಈಗ ನೂರಾರು ಗಾಡಿಗಳ ಭಂಡಾರವಾಗಿದೆ.

ಎಲ್ಲವನ್ನೂ ಹೇಳುತ್ತ ಕೂತರೆ ಪುಟ ಸಾಲದು. ಅಜ್ಜ ಯಾವುದರ ಮುಂದೆಯೂ ನಿಲ್ಲದೆ ನೇರವಾಗಿ ನಡೆದರು. ಗೋಲ್ಡನ್ ಆ್ಯರೋ ಬಂಗಾರದ ಬಣ್ಣದ, ನೆಲಕ್ಕೆ ತಗ್ಗಿದ, ಈಟಿಯ ಮೊನೆಯಂಥ ಗಾಡಿ. ಒಳಗೆ ನೇಪಿಯರ್ ಲಯನ್ ವಿಮಾನದ ಎಂಜಿನ್ನು. ಹನ್ನೆರಡು ಸಿಲಿಂಡರುಗಳು ಮೂರು ಸಾಲಾಗಿ. 1929ರ ಮಾರ್ಚ್ 11ರಂದು ಅಮೆರಿಕದ ಡೇಟೋನ ಕಡಲತೀರದಲ್ಲಿ ಹೆನ್ರಿ ಸೀಗ್ರೇವ್ ಅದನ್ನು ಗಂಟೆಗೆ 231.45 ಮೈಲಿ ವೇಗದಲ್ಲಿ ಓಡಿಸಿ ಜಗತ್ತಿನ ದಾಖಲೆ ಮಾಡಿದರು. ತನ್ನ ಆಯುಷ್ಯದಲ್ಲಿ ಆ ಗಾಡಿ ಓಡಿದ್ದು 40 ಮೈಲಿಗಿಂತಲೂ ಕಡಿಮೆ ಎನ್ನುತ್ತಾರೆ. ಮರುವರ್ಷ ಜೂನಿನಲ್ಲಿ ವಿಂಡರ್‌ಮಿಯರ್ ಸರೋವರದಲ್ಲಿ ನೀರಿನ ಮೇಲಿನ ದಾಖಲೆಯನ್ನು ಮುರಿದ ದಿನವೇ ದೋಣಿ ಮಗುಚಿ ಸೀಗ್ರೇವ್ ತೀರಿಕೊಂಡರು.

ಇದನ್ನು ಕಟ್ಟಿದ್ದು ಕೆ.ಎಲ್.ಜಿ. ಎಂಬ ಪ್ಲಗ್ಗುಗಳ ಕಾರ್ಖಾನೆ. ಡಬ್ಲಿನ್ನಿನ ಪ್ರಸಿದ್ಧ ಮದ್ಯೋದ್ಯಮಿಗಳ ವಂಶದ ಕೆನೆಲ್ಮ್ ಲೀ ಗಿನ್ನೆಸ್ ಪಂದ್ಯಗಳ ಚಾಲಕ. ಮಾರುಕಟ್ಟೆಯ ಪ್ಲಗ್ಗುಗಳು ತನ್ನ ಎಂಜಿನ್ನಿನ ಶಾಖಕ್ಕೆ ಒಡೆಯುತ್ತಿದ್ದುದನ್ನು ಸಹಿಸದೆ, ಪಿಂಗಾಣಿಯ ಬದಲು ಅಭ್ರಕದ ಹಾಳೆಗಳನ್ನು ಸುತ್ತಿ ತಾನೇ ಪ್ಲಗ್ಗು ಮಾಡಿದ. ಆ ಕಾಲದಲ್ಲಿ ಜಗತ್ತಿನ ಹಾಳೆ ಅಭ್ರಕದ ಬಹುಪಾಲು ನಮ್ಮ ದೇಶದ ಗಣಿಗಳಿಂದಲೇ ಹೋಗುತ್ತಿತ್ತು. ಲಂಡನ್ನಿನ ನೈಋತ್ಯಕ್ಕೆ, ಪಟ್ನಿ ವೇಲ್ ಎಂಬಲ್ಲಿ, ಹಳೆಯ ಪಾನಗೃಹವೊಂದರಲ್ಲಿ ಕೆಲಸ ಮೊದಲಾಯಿತು. ಅವನ ಹೆಸರಿನ ಮೂರಕ್ಷರಗಳೇ ಪ್ಲಗ್ಗಿನ ಹೆಸರಾದವು. 1922ರಲ್ಲಿ ಬ್ರೂಕ್‌ಲ್ಯಾಂಡ್ಸ್ ಪಥದಲ್ಲಿ 350 ಅಶ್ವಶಕ್ತಿಯ ಸನ್‌ಬೀಮ್ ಗಾಡಿಯನ್ನು ಗಂಟೆಗೆ 133.75 ಮೈಲಿ ಓಡಿಸಿ ಅವನೂ ದಾಖಲೆ ಮಾಡಿದ್ದ. ಆ ಗಾಡಿಯೂ ಇದೇ ಭವನದಲ್ಲಿದೆ. 1924ರಲ್ಲಿ ಸ್ಪೇನಿನ ಪಂದ್ಯದಲ್ಲಿ ಗಾಡಿ ಉರುಳಿ ಅವನ ಮೆಕ್ಯಾನಿಕ್ ಪ್ರಾಣ ಬಿಟ್ಟ. ಗಾಯಗೊಂಡ ಗಿನ್ನೆಸ್ ಪಂದ್ಯಗಳನ್ನು ಅಲ್ಲಿಗೇ ಬಿಟ್ಟ. ಪಟ್ನಿ ವೇಲಿನ ಕಾರ್ಖಾನೆ ಈಗಿಲ್ಲ. ಆ ಜಾಗದಲ್ಲಿ ದೊಡ್ಡ ದಿನಸಿ ಮಳಿಗೆಯಿದೆ.

ಅಜ್ಜ ಗಾಡಿಯ ಬದಿಯಲ್ಲಿ ನಿಂತು, ಅಕ್ಕ ಹೇಳುತ್ತಿದ್ದ ಮಾತುಗಳನ್ನು ಒಂದೊಂದಾಗಿ ನೆನೆದರು. ಕೂದಲನ್ನು ಬಟ್ಟೆಯಿಂದ ಕಟ್ಟಿ, ಹುಡುಗಿಯರು ಸಾಲಾಗಿ ಕೂತು ಪ್ಲಗ್ಗುಗಳನ್ನು ಜೋಡಿಸುತ್ತಿದ್ದರಂತೆ. ಸೈರನ್ ಕೂಗಿದರೆ ಕೆಳಗೆ ಓಡುವುದು, ನಿಂತರೆ ಮೇಲೆ ಬರುವುದು. ಒಂದು ಪ್ಲಗ್ಗು ಕೆಟ್ಟರೆ ಒಬ್ಬ ಹುಡುಗ ಮನೆಗೆ ಬರುವುದಿಲ್ಲ ಎಂದು ಮೇಲ್ವಿಚಾರಕಿ ದಿನವೂ ಹೇಳುತ್ತಿದ್ದಳಂತೆ. ಮನೆಗೆ ಬಂದ ಮೇಲೂ ಅಕ್ಕ ಊಟದ ಮೇಜಿನ ಮೇಲೆ ಚಮಚಗಳನ್ನು ಸಂದು ಅಳೆದಂತೆ ಇರಿಸುತ್ತಿದ್ದಳು ಎಂದು ಹೇಳಿ ಅಜ್ಜ ನಕ್ಕರು. ತಮ್ಮ ಕೈಯಲ್ಲಿದ್ದ ತೆಳುಹಾಳೆಗಳ ಅಳತೆಗೋಲು ಅವಳದೇ ಎಂದು ಅಲ್ಲಿಯವರೆಗೆ ನಮಗಾರಿಗೂ ಹೇಳಿರಲಿಲ್ಲ.

ಹೊರಗೆ ಬಂದು ಚಹಾ ಕುಡಿದೆವು. ಮಳೆಯ ಹನಿ ಬೀಳತೊಡಗಿ, ಗಾಡಿಯ ಬಟ್ಟೆಯ ಮಾಳಿಗೆಯನ್ನು ಎಳೆದು ಕಟ್ಟುವುದರಲ್ಲಿ ಅರ್ಧ ಗಂಟೆ ಹೋಯಿತು. ಅಜ್ಜ ನಾಲ್ಕನೆಯ ಪ್ಲಗ್ಗನ್ನು ಮಾತ್ರ ಬಿಚ್ಚಿ ಒರೆಸಿ, ಅದನ್ನೇ ಮತ್ತೆ ಹಾಕಿದರು. ಕಿಸೆಯ ಹೊಸದೆರಡೂ ಕಿಸೆಯಲ್ಲಿಯೇ ಉಳಿದವು. ಚಳಿಗಾಲದಲ್ಲಿ ಎಂಜಿನ್ನಿನ ತಲೆಯನ್ನು ಮಾತ್ರ ಎತ್ತಿಸಿ ವಾಲ್ವುಗಳ ಕೊಳವೆಗಳನ್ನು ಬದಲಿಸಬೇಕು, ಹೇಗೂ ಬಿಚ್ಚುವಾಗ ಸೀಸವಿಲ್ಲದ ಪೆಟ್ರೋಲಿಗೆ ತಕ್ಕ ಗಟ್ಟಿ ಪೀಠಗಳನ್ನೂ ಕೂಡಿಸಬೇಕು, ತಾವು ಬಂದು ಪಕ್ಕದಲ್ಲಿ ಕೂತಿರುತ್ತೇವೆ ಎಂದು ಮಿತ್ರರಿಗೆ ಹೇಳಿ, ತಿಂಗಳನ್ನೂ ಅಲ್ಲಿಯೇ ಗೊತ್ತುಮಾಡಿದರು. ಬಿಸಿ ದರ್ಜೆಯ ಪ್ಲಗ್ಗುಗಳನ್ನು ಅಂಗಡಿಗೆ ಹಿಂದಿರುಗಿಸಿದರೆ ಹಣ ಕೊಡುವರೋ ಇಲ್ಲವೋ ಎಂದು ಮಿತ್ರರ ಪತ್ನಿ ಕೇಳಿದರು. ರಸೀದಿ ಇದ್ದರೆ ಕೊಟ್ಟಾರು ಎಂದರು ಅಜ್ಜ.